ನೆಲದ ಕೆಳಗಿನ ಮನೆ: ಹಗೇವಿನಿಂದ ಸೆಲ್ಲಾರಿನವರೆಗೆ

ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೊರಟ ಹೆದ್ದಾರಿಯಲ್ಲಿ ಕಮಲಾಪುರ ಸಿಗುವ ಮೊದಲು ಮಹಾಗಾಂವ ಕ್ರಾಸ್ ಬರುತ್ತದೆ. 2018ರಲ್ಲಿ ಹೊಸದಾಗಿ ರಚನೆಯಾದ ಕಮಲಾಪುರ ತಾಲ್ಲೂಕಿಗೆ ಸೇರಿದ ಊರು ಮಹಾಗಾಂವ. ಈ ಸೀಮೆಯ ಹಳೆಯ ಒಕ್ಕಲು ಮನೆಗಳನ್ನು ನೆಲದ ಮೇಲಿನ ಗೋಡೆಗಳಿಂದಷ್ಟೇ ಅಳೆದರೆ ಅದು ಅರ್ಧ ಲೆಕ್ಕವಾಗುತ್ತದೆ. ಉಳಿದರ್ಧ ಇದ್ದದ್ದು ಅಂಗಳದ ಹಾಸುಗಲ್ಲಿನ ಕೆಳಗೆ. ಅದರ ಹೆಸರು ಹಗೇವು.

ಹಗೇವಿನ ಬಾಯಿ ತೆರೆಯುವ ದಿನ ಮನೆಯಲ್ಲಿ ಒಂದು ಬಗೆಯ ಎಚ್ಚರ ಇರುತ್ತಿತ್ತು. ಮಣ್ಣು ಕೆದರಿ ಕಲ್ಲು ಸರಿಸಿದ ಕೂಡಲೇ ಯಾರೂ ಒಳಗೆ ಇಳಿಯುವಂತಿರಲಿಲ್ಲ. ಗಂಟೆಗಟ್ಟಲೆ ಬಾಯಿ ತೆರೆದು ಬಿಡಬೇಕು. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡಬೇಕು. ಕಂದೀಲು ತಳ ಮುಟ್ಟಿಯೂ ಉರಿಯುತ್ತಿದ್ದರೆ ಆಳು ಇಳಿಯಬಹುದು. ದೀಪ ಮಂಕಾಗಿ ಆರಿದರೆ ಅಂದು ಜೋಳದ ಮಾತೇ ಇಲ್ಲ. ಈ ನಿಯಮವನ್ನು ಮರೆತವರು, ಅವಸರ ಮಾಡಿದವರು ಜೀವ ಕಳೆದುಕೊಂಡದ್ದುಂಟು. ಮೊದಲು ಇಳಿದವನು ಕುಸಿದದ್ದು ಕಂಡು ಅವನನ್ನು ಎತ್ತಲು ಹೋದವನೂ ಅಲ್ಲೇ ಉಳಿದ ದಾರುಣ ಪ್ರಸಂಗಗಳು ಉತ್ತರ ಕರ್ನಾಟಕದ ಹಳ್ಳಿಗಳ ನೆನಪಿನಲ್ಲಿವೆ. ಕನ್ನಡದಲ್ಲಿ ಹಗೆ ಎಂದರೆ ವೈರಿ. ಹಗೆ ಎಂದರೆ ಧಾನ್ಯ ತುಂಬುವ ನೆಲಗುಂಡಿಯೂ ಹೌದು. ಎರಡು ಪದಗಳ ಹುಟ್ಟು ಬೇರೆಯೇ ಇರಬಹುದು, ಆದರೆ ಅಜಾಗರೂಕನ ಪಾಲಿಗೆ ಎರಡೂ ಒಂದೇ.

ಇಂದು ಹಗೇವುಗಳ ಕಾಲ ಮುಗಿದಿದೆ. ಆದರೆ ನೆಲದ ಕೆಳಗೆ ಜಾಗ ಮಾಡಿಕೊಳ್ಳುವ ಆಸೆ ಮುಗಿದಿಲ್ಲ. ನಿವೇಶನದ ಬೆಲೆ ಏರಿದಂತೆ ಕಲಬುರಗಿಯೂ ಸೇರಿದಂತೆ ನಗರಗಳಲ್ಲಿ ಸೆಲ್ಲಾರುಗಳು ತಲೆ ಎತ್ತಿವೆ, ಅಥವಾ ತಲೆ ತಗ್ಗಿಸಿವೆ ಎನ್ನೋಣ. ಮೊದಲು ವಾಹನಕ್ಕೆಂದು ತೋಡಿದ ಜಾಗದಲ್ಲಿ ಸಾಮಾನು ಸೇರುತ್ತದೆ, ನಂತರ ಒಂದು ಮಂಚ ಬರುತ್ತದೆ, ಕೊನೆಗೆ ಮಕ್ಕಳ ಓದುವ ಕೋಣೆಯೋ ಅತಿಥಿಗಳ ಕೋಣೆಯೋ ಆಗುತ್ತದೆ. ಕಾಳು ಇಡುವ ಗುಂಡಿ ಮನುಷ್ಯ ಇರುವ ಕೋಣೆಯಾಗಲು ಏನು ಬೇಕು? ಇದು ಹೊಸ ಪ್ರಶ್ನೆಯಲ್ಲ. ಮಹಾಗಾಂವದ ಸೀಮೆಯಿಂದ ಬೀದರಿನ ಕೋಟೆಯವರೆಗೆ, ಲಿವರ್‌ಪೂಲಿನಿಂದ ನ್ಯೂಯಾರ್ಕಿನವರೆಗೆ ಹಲವು ಕಾಲದ ಜನ ಇದಕ್ಕೆ ಉತ್ತರ ಹುಡುಕಿದ್ದಾರೆ. ಕೆಲವರು ಉತ್ತರ ಹುಡುಕದೆ ಬೆಲೆ ತೆತ್ತಿದ್ದಾರೆ.

ಕಾಳು ಉಳಿಸಿದ ಕತ್ತಲೆ

ಹಗೇವು ತೋಡಲು ಮೊದಲು ಬೇಕಾದದ್ದು ನೀರು ನಿಲ್ಲದ ಎತ್ತರದ ಜಾಗ. ಬಾಯಿ ಒಬ್ಬ ಆಳು ಇಳಿಯುವಷ್ಟು ಕಿರಿದು. ಒಳಗೆ ಹೋದಂತೆ ಗಡಿಗೆಯ ಹೊಟ್ಟೆಯ ಹಾಗೆ ಅಗಲ. ತೋಡಿದ ಮೇಲೆ ಒಳಗೆ ಹುಲ್ಲು ಕಣಿಕೆ ಸುಟ್ಟು ಗೋಡೆಯ ಪಸೆ ಆರಿಸುತ್ತಿದ್ದರು. ತಳಕ್ಕೂ ಸುತ್ತಲ ಗೋಡೆಗೂ ಒಣ ಕಣಿಕೆ, ಹೊಟ್ಟು ಒತ್ತಿ, ನಡುವೆ ಹಿಂಗಾರಿಯ ಬಿಳಿಜೋಳ ಸುರಿದು, ಮೇಲೆ ಮತ್ತೆ ಹುಲ್ಲು ಹಾಸಿ, ಕಲ್ಲು ಮುಚ್ಚಿ, ಸಂದಿಗೆ ಮಣ್ಣು ಮೆತ್ತಿದರೆ ಕೆಲಸ ಮುಗಿಯಿತು. ಗೋಡೆಗೆ ತಾಗಿದ ಸ್ವಲ್ಪ ಜೋಳ ಮುಗ್ಗಿ ಕಪ್ಪಾಗುತ್ತಿತ್ತು. ನಡುವಿನ ಜೋಳ ವರ್ಷಗಟ್ಟಲೆ ಹುಳ ಬೀಳದೆ ಉಳಿಯುತ್ತಿತ್ತು. ಅದಕ್ಕೊಂದು ವಿಶಿಷ್ಟ ವಾಸನೆ ಬರುತ್ತಿತ್ತಾದರೂ ಬರಗಾಲದಲ್ಲಿ ವಾಸನೆ ಎಣಿಸುವವರು ಯಾರು?

ದಖ್ಖನ್ನಿನ ಜನಕ್ಕೆ ಬರಗಾಲ ಹೊಸದಲ್ಲ. 1396ರಿಂದ ಹನ್ನೆರಡು ವರ್ಷ ಕಾಡಿತೆಂದು ಹೇಳಲಾಗುವ ದುರ್ಗಾದೇವಿ ಬರ, 1876-78ರ ಮಹಾಕ್ಷಾಮ, 1972ರ ಬರ ಇವೆಲ್ಲ ಈ ಸೀಮೆಯ ಚರಿತ್ರೆಯ ಮೈಲಿಗಲ್ಲುಗಳು. ಮಳೆಯನ್ನೇ ನಂಬಿದ ಎರೆ ಹೊಲದ ರೈತನಿಗೆ ಹಗೇವು ಬ್ಯಾಂಕೂ ಹೌದು, ವಿಮೆಯೂ ಹೌದು. ಬೆಂಕಿ ಬಿದ್ದರೆ ಅದು ಸುಡುತ್ತಿರಲಿಲ್ಲ, ಲೂಟಿ ಬಂದವರ ಕಣ್ಣಿಗೆ ಸುಲಭವಾಗಿ ಬೀಳುತ್ತಿರಲಿಲ್ಲ.

ಜೋಳ ಕೆಡದಿರುವ ಗುಟ್ಟಿನಲ್ಲಿಯೇ ಹಗೇವಿನ ಅಪಾಯವೂ ಅಡಗಿದೆ. ಕಾಳು ಜೀವಂತ ವಸ್ತು, ಅದು ಉಸಿರಾಡುತ್ತದೆ. ಅದರೊಳಗೆ ಉಳಿದ ಹುಳುಗಳೂ ಉಸಿರಾಡುತ್ತವೆ. ಮುಚ್ಚಿದ ಗುಂಡಿಯಲ್ಲಿ ಆಮ್ಲಜನಕ ತೀರುತ್ತಾ ಬಂದು ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಆಗ ಹುಳು ಸಾಯುತ್ತದೆ, ಕಾಳು ಉಳಿಯುತ್ತದೆ. ಈ ಅನಿಲ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಬಾಯಿ ತೆರೆದರೂ ಅದು ತಾನಾಗಿ ಮೇಲೇಳದೆ ತಳದಲ್ಲೇ ಕೂರುತ್ತದೆ. ಬಣ್ಣವಿಲ್ಲ, ಎಚ್ಚರಿಸುವ ವಾಸನೆ ಇಲ್ಲ. ಇಳಿದವನಿಗೆ ಗೊತ್ತಾಗುವ ಹೊತ್ತಿಗೆ ಕೈಕಾಲು ಸೋತಿರುತ್ತವೆ. ಕಂದೀಲಿನ ಪರೀಕ್ಷೆ ಅನುಭವದಿಂದ ಬಂದದ್ದಾದರೂ ಅದರ ಹಿಂದೆ ಗಟ್ಟಿಯಾದ ರಸಾಯನಶಾಸ್ತ್ರ ಇದೆ. ಮನುಷ್ಯನ ಉಸಿರಿಗೆ ಸಾಲದ ಗಾಳಿ ಸಾಮಾನ್ಯವಾಗಿ ದೀಪದ ಉರಿಗೂ ಸಾಲದು.

ಹಾಗಾಗಿ ಹಗೇವು ಒಂದು ಕೋಣೆಯಲ್ಲ, ಕೋಣೆಯ ವಿರೋಧ ಎನ್ನಬಹುದು. ಗಾಳಿಯನ್ನು ಹೊರಗಿಟ್ಟು ಅದು ಕಾಳನ್ನು ಕಾಯುತ್ತದೆ. ಮನುಷ್ಯನನ್ನು ಕಾಯಬೇಕಾದ ಕೋಣೆ ಗಾಳಿಯನ್ನು ಒಳಗೆ ಕರೆಯಬೇಕು. ಒಂದನ್ನು ಇನ್ನೊಂದಾಗಿ ಮಾರ್ಪಡಿಸಲು ಬಣ್ಣ ಬಳಿದರೆ, ಟೈಲ್ಸ್ ಹಾಕಿದರೆ ಸಾಲದು.

ಎರೆ ಒಪ್ಪದು, ಜಂಬಿಟ್ಟಿಗೆ ಒಪ್ಪುತ್ತದೆ

ಇಷ್ಟೊಂದು ಬಿಸಿಲಿನ ನಾಡಿನಲ್ಲಿ, ಮೇ ತಿಂಗಳಲ್ಲಿ ಉಷ್ಣಾಂಶ 43 ಡಿಗ್ರಿ ದಾಟುವ ಕಲಬುರಗಿಯಲ್ಲಿ, ಸಾಮಾನ್ಯ ಜನ ನೆಲದ ಕೆಳಗೆ ವಾಸಕ್ಕೆ ಕೋಣೆ ಏಕೆ ಕಟ್ಟಲಿಲ್ಲ? ಮೊದಲ ಕಾರಣ ಮಣ್ಣು. ಎರೆ ಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರೊಳಗೆ ಕಟ್ಟಿದ ಗೋಡೆಯನ್ನು ವರ್ಷಕ್ಕೊಮ್ಮೆ ತಳ್ಳಿ ವರ್ಷಕ್ಕೊಮ್ಮೆ ಬಿಡುತ್ತದೆ. ಮೇಲಿನ ಗೋಡೆಗಳೇ ಸೀಳುವಾಗ ನೆಲದೊಳಗಿನ ಗೋಡೆಯ ಪಾಡು ಹೇಳಬೇಕಾಗಿಲ್ಲ. ಎರೆ ತೆಗೆದು ಕೆಳಗಿನ ಗರಸು ಸಿಕ್ಕಿದಲ್ಲಿ ಮಾತ್ರ ಗುಂಡಿ ನಿಲ್ಲುತ್ತದೆ.

ಎರಡನೆಯ ಕಾರಣ, ಮೇಲಿನ ಮನೆಯೇ ಅರ್ಧ ಗುಹೆಯಾಗಿತ್ತು. ಎರಡು ಮೂರು ಅಡಿ ದಪ್ಪದ ಕಲ್ಲು-ಮಣ್ಣಿನ ಗೋಡೆ, ತೊಲೆ ಜಂತಿಗಳ ಮೇಲೆ ದಪ್ಪಗೆ ಮಣ್ಣು ಹೊದಿಸಿದ ಮಾಳಿಗೆ, ಕಿರಿದಾದ ಬಾಗಿಲು, ಮೇಲೊಂದು ಬೆಳಕಿಂಡಿ. ಹಗಲಿನ ಕಾವು ಅಷ್ಟು ದಪ್ಪದ ಮಣ್ಣನ್ನು ದಾಟುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು, ಆ ಹೊತ್ತಿಗೆ ಮನೆಮಂದಿ ಮಾಳಿಗೆಯ ಮೇಲೆ ಹಾಸಿಗೆ ಬಿಚ್ಚುತ್ತಿದ್ದರು. ನೆಲವನ್ನು ಅಗೆದು ಕೆಳಗೆ ಹೋಗುವ ಬದಲು ನೆಲವನ್ನೇ ಮೇಲೆತ್ತಿ ಸುತ್ತ ಹೊದ್ದುಕೊಂಡ ಮನೆ ಅದು. ಗೌಡರ, ದೇಸಾಯರ ವಾಡೆಗಳಲ್ಲಿ ನೆಲಮನೆಗಳು ಇದ್ದದ್ದುಂಟು. ಅವು ಬಹುಮಟ್ಟಿಗೆ ಕಾಳುಕಡಿ, ಬೆಲೆಬಾಳುವ ವಸ್ತುಗಳ ಜಾಗ. ಅಲ್ಲಿ ಸಂಸಾರ ಹೂಡಿದವರು ಕಡಿಮೆ.

ಮಹಾಗಾಂವ, ಕಮಲಾಪುರ ದಾಟಿ ಈಶಾನ್ಯಕ್ಕೆ ಬೀದರಿನ ಕಡೆ ಹೋದಂತೆ ನೆಲದ ಬಣ್ಣ ಬದಲಾಗುತ್ತದೆ. ಬೀದರಿನ ಪ್ರಸ್ಥಭೂಮಿಯನ್ನು ಹೊದ್ದಿರುವುದು ಭೂವಿಜ್ಞಾನಿಗಳು ಲ್ಯಾಟರೈಟ್ ಎನ್ನುವ ಕೆಂಪು ಜಂಬಿಟ್ಟಿಗೆ ಕಲ್ಲು. ಈ ಕಲ್ಲಿನ ಗುಣವೇ ವಿಚಿತ್ರ. ನೆಲದೊಳಗೆ ಇರುವಾಗ ಗುದ್ದಲಿಗೆ ಬಗ್ಗುವಷ್ಟು ಮೆತ್ತಗೆ, ಗಾಳಿಗೆ ತೆರೆದ ಮೇಲೆ ಗಟ್ಟಿ. ಒಳಗೆ ತೋಡುವವನಿಗೆ ಇದಕ್ಕಿಂತ ಅನುಕೂಲದ ಕಲ್ಲು ಸಿಗದು. ನೆಲದಡಿಯ ವಾಸ ಈ ಭಾಗದಲ್ಲಿ ಅರಳಿದ್ದು ಅಲ್ಲಿ.

ಬೀದರಿನ ಕೆಳಮನೆಗಳು

1347ರಲ್ಲಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಬಹಮನಿ ಸುಲ್ತಾನರು ಹದಿನೈದನೆಯ ಶತಮಾನದ ಎರಡನೆಯ ಪಾದದಲ್ಲಿ, ಅಹ್ಮದ್ ಶಾನ ಕಾಲಕ್ಕೆ, ಬೀದರಿಗೆ ಬಂದರು. ಬಂಡೆಯನ್ನೇ ಕಡಿದು ಮಾಡಿದ ಕೋಟೆಯ ಕಂದಕ ಇಂದಿಗೂ ನೋಡುಗರನ್ನು ಬೆರಗುಗೊಳಿಸುತ್ತದೆ. ಕೋಟೆಯ ಒಳಗೆ ಹಜಾರ್ ಕೊಠ್ರಿ, ಅಂದರೆ ಸಾವಿರ ಕೋಣೆ ಎಂದು ಜನ ಕರೆಯುವ ನೆಲದಡಿಯ ಕೋಣೆಗಳ ಸಮೂಹವಿದೆ. ಸಾವಿರ ಎಂಬುದು ಬೆರಗಿನ ಲೆಕ್ಕವೇ ಹೊರತು ಎಣಿಕೆಯ ಲೆಕ್ಕವಲ್ಲ. ಅಲ್ಲಿಂದ ಕಂದಕದ ಕಡೆಗೆ ಒಂದು ದಾರಿ ಸಾಗುತ್ತದೆ. ಹೈದರಾಬಾದ್ ಸಂಸ್ಥಾನದ ಪ್ರಾಚ್ಯವಸ್ತು ಇಲಾಖೆಯನ್ನು ಕಟ್ಟಿದ ಗುಲಾಂ ಯಜ್ದಾನಿ 1947ರಲ್ಲಿ ಪ್ರಕಟಿಸಿದ ಬೀದರ್ ಕುರಿತ ಗ್ರಂಥ ಈ ಕೋಟೆಯ ಕಟ್ಟಡಗಳನ್ನು ಒಂದೊಂದಾಗಿ ವಿವರಿಸುತ್ತದೆ. ರಂಗೀನ್ ಮಹಲ್‌ನ ಕೆಳಗೂ ಕೋಣೆಗಳಿವೆ.

ಇಲ್ಲಿ ಗಮನಿಸಬೇಕಾದದ್ದು ಆ ಹೊರದಾರಿಯನ್ನು. ಅರಮನೆಯ ನೆಲಮನೆಗೆ ಒಂದಕ್ಕಿಂತ ಹೆಚ್ಚು ದಾರಿಗಳಿರಬೇಕೆಂಬ ತಿಳಿವಳಿಕೆ ಬಹಳ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರ ಅರಮನೆಯ ರಚನೆ ಹೇಳುವಾಗ ಭೂಮಿಗೃಹವನ್ನೂ, ಅದಕ್ಕೆ ಹಲವು ಸುರಂಗ ದಾರಿಗಳನ್ನೂ ಹೇಳುತ್ತದೆ. ಅರಸನಿಗೆ ಅಂಜಿಕೆ ಶತ್ರುವಿನದು. ಆದರೆ ಒಂದೇ ಬಾಗಿಲಿನ ನೆಲಮನೆ ಬೋನಾಗುತ್ತದೆ ಎಂಬ ಸತ್ಯ ಬೆಂಕಿಗೂ ಪ್ರವಾಹಕ್ಕೂ ಅಷ್ಟೇ ಅನ್ವಯ.

ಬಹಮನಿಗಳ ಕಾಲದಲ್ಲಿ ಇರಾನಿನಿಂದ ಬೀದರಿಗೆ ವಿದ್ವಾಂಸರು, ಕುಶಲಕರ್ಮಿಗಳು ಬಂದರು. ಬೀದರಿನ ನೌಬಾದಿನಲ್ಲಿರುವ ಕರೇಜ್ ಎಂಬ ನೆಲದಡಿಯ ಕಾಲುವೆ ಆ ನಂಟಿನ ಸಾಕ್ಷಿ. ಎರಡು ಕಿಲೋಮೀಟರಿಗೂ ಹೆಚ್ಚು ಉದ್ದದ ಈ ಕಾಲುವೆಯ ಉದ್ದಕ್ಕೂ ಅಲ್ಲಲ್ಲಿ ಬಾವಿಯಂಥ ನೇರ ಕಂಡಿಗಳಿವೆ. ತೋಡುವಾಗ ಮಣ್ಣು ಎತ್ತಲು, ಕೆಲಸಗಾರರಿಗೆ ಗಾಳಿ ಬೆಳಕು ಇಳಿಸಲು ಈ ಕಂಡಿಗಳೇ ಆಧಾರ. ಅದೇ ಇರಾನಿನಲ್ಲಿ, ಅದರ ಪಕ್ಕದ ಬಾಗ್ದಾದಿನಲ್ಲಿ ಸರ್ದಾಬ್ ಎಂಬ ನೆಲಮನೆಗಳ ವಾಡಿಕೆ ಇತ್ತು. ಬೇಸಿಗೆಯ ಮಧ್ಯಾಹ್ನ ಮನೆಮಂದಿಯೆಲ್ಲ ಅಲ್ಲಿಗೆ ಇಳಿಯುತ್ತಿದ್ದರು. ಮಾಳಿಗೆಯ ಮೇಲೆ ಎತ್ತಿದ ಗಾಳಿಗೋಪುರ ಬೀಸುವ ಗಾಳಿಯನ್ನು ಹಿಡಿದು ಗೋಡೆಯೊಳಗಿನ ಕೊಳವೆಯ ಮೂಲಕ ಕೆಳಗಿನ ಕೋಣೆಗೆ ಕಳುಹಿಸುತ್ತಿತ್ತು. ಹಗೇವಿಗೂ ಸರ್ದಾಬಿಗೂ ಇರುವ ವ್ಯತ್ಯಾಸ ಆ ಕೊಳವೆ.

ತಂಪು ಎಲ್ಲಿಂದ, ಪಸೆ ಎಲ್ಲಿಂದ

ನೆಲದ ಮೇಲ್ಪದರ ಹಗಲು ಕಾದು ರಾತ್ರಿ ತಣಿಯುತ್ತದೆ. ಆದರೆ ಮಣ್ಣು ಶಾಖವನ್ನು ಬಹಳ ನಿಧಾನವಾಗಿ ಸಾಗಿಸುತ್ತದೆ. ಒಂದೆರಡು ಅಡಿ ಕೆಳಗೆ ಹಗಲು ರಾತ್ರಿಯ ವ್ಯತ್ಯಾಸ ಅಳಿಸಿಹೋಗುತ್ತದೆ. ಹತ್ತು ಹನ್ನೆರಡು ಅಡಿಯ ಕೆಳಗೆ ಬೇಸಿಗೆ ಚಳಿಗಾಲದ ವ್ಯತ್ಯಾಸವೂ ಬಹಳ ಕುಗ್ಗಿ, ವರ್ಷದ ಸರಾಸರಿಗೆ ಹತ್ತಿರದ ಉಷ್ಣಾಂಶ ನೆಲೆಸುತ್ತದೆ. ಮೇ ತಿಂಗಳ ಮಧ್ಯಾಹ್ನಕ್ಕೆ ಹೋಲಿಸಿದರೆ ಅದು ದೊಡ್ಡ ತಂಪು.

ಈ ತಂಪನ್ನು ಉತ್ತರ ಭಾರತದ ಶ್ರೀಮಂತರು ತಹಖಾನೆಗಳಲ್ಲಿ ಅನುಭವಿಸಿದರು. ಕಂಪನಿಯ ಆಂಗ್ಲ ಅಧಿಕಾರಿಗಳೂ ಅದನ್ನು ಕಲಿತರು. ದೆಹಲಿಯಲ್ಲಿ ಕಂಪನಿಯ ಪ್ರತಿನಿಧಿಯಾಗಿದ್ದ ಸರ್ ಥಾಮಸ್ ಮೆಟ್ಕಾಫ್ 1830ರ ದಶಕದಲ್ಲಿ ಯಮುನೆಯ ದಂಡೆಯಲ್ಲಿ ಕಟ್ಟಿಸಿದ ಬಂಗಲೆಯಲ್ಲಿ ಬೇಸಿಗೆಗೆಂದೇ ನೆಲದಡಿಯ ಕೋಣೆಗಳಿದ್ದವು. ಲಖನೌ ರೆಸಿಡೆನ್ಸಿಯ ತಹಖಾನೆಯ ಚರಿತ್ರೆ ಬೇರೆಯೇ. 1857ರ ಮುತ್ತಿಗೆಯಲ್ಲಿ ಹೆಂಗಸರು ಮಕ್ಕಳು ಗುಂಡಿನ ಮಳೆಯಿಂದ ತಪ್ಪಿಸಿಕೊಳ್ಳಲು ತಿಂಗಳುಗಟ್ಟಲೆ ಆಶ್ರಯ ಪಡೆದದ್ದು ಅಲ್ಲಿಯೇ.

ಆದರೆ ತಂಪಿಗೆ ಒಂದು ತೆರಿಗೆ ಇದೆ. ಮಳೆಗಾಲದಲ್ಲಿ ಹೊರಗಿನ ಗಾಳಿಯಲ್ಲಿ ನೀರಾವಿ ಹೆಚ್ಚು. ಅದು ತಣ್ಣನೆಯ ನೆಲಗೋಡೆಗೆ ತಾಗಿದರೆ, ಐಸ್ ನೀರು ತುಂಬಿದ ಲೋಟದ ಹೊರಮೈ ಬೆವರುವಂತೆ, ಗೋಡೆ ಬೆವರುತ್ತದೆ. ಬೂಷ್ಟು ಹಿಡಿಯುತ್ತದೆ, ಬಟ್ಟೆಬರೆ ಮುಗ್ಗುತ್ತವೆ, ಉಬ್ಬಸ ಇರುವವರಿಗೆ ಕಷ್ಟವಾಗುತ್ತದೆ. ತಹಖಾನೆಗಳು ಮುಖ್ಯವಾಗಿ ಬೇಸಿಗೆಯ ಹಗಲಿನ ಕೋಣೆಗಳಾಗಿದ್ದದ್ದು ಸುಮ್ಮನೆ ಅಲ್ಲ. ವರ್ಷದ ಹನ್ನೆರಡು ತಿಂಗಳೂ ಅಲ್ಲೇ ಇರುತ್ತೇವೆ ಎನ್ನುವವರಿಗೆ ಹಳೆಯ ಅನುಭವದ ಬೆಂಬಲ ಇಲ್ಲ.

ಬಡವರ ನೆಲಮನೆ

ಅರಸರು, ಅಧಿಕಾರಿಗಳು ತಂಪಿಗೆಂದು ಕೆಳಗೆ ಇಳಿದರೆ, ಬಡವರು ಬೇರೆ ಜಾಗವಿಲ್ಲದೆ ಇಳಿದರು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಬಂದರು ನಗರ ಲಿವರ್‌ಪೂಲಿನಲ್ಲಿ ಸಾವಿರಾರು ಕಾರ್ಮಿಕ ಕುಟುಂಬಗಳು ಕಿಟಕಿಯಿಲ್ಲದ, ಚರಂಡಿಯ ನೀರು ಜಿನುಗುವ ನೆಲಮಾಳಿಗೆಗಳಲ್ಲಿ ಬಾಡಿಗೆಗಿದ್ದವು. 1840ರ ದಶಕದಲ್ಲಿ ಐರ್ಲೆಂಡಿನ ಕ್ಷಾಮದಿಂದ ಓಡಿಬಂದವರೂ ಅಲ್ಲಿಗೇ ಸೇರಿದರು. ಟೈಫಸ್, ಕಾಲರಾ ಅವರನ್ನು ಹುಡುಕಿಕೊಂಡು ಬಂದವು. 1847ರಲ್ಲಿ ಆ ನಗರದ ಆರೋಗ್ಯಾಧಿಕಾರಿಯಾಗಿ ನೇಮಕಗೊಂಡ ಡಾ. ವಿಲಿಯಂ ಹೆನ್ರಿ ಡಂಕನ್, ರೋಗಕ್ಕೂ ಈ ಕೋಣೆಗಳಿಗೂ ಇರುವ ಸಂಬಂಧವನ್ನು ಅಂಕಿಅಂಶಗಳೊಂದಿಗೆ ಮುಂದಿಟ್ಟವರು. ಬ್ರಿಟನ್ನಿನಲ್ಲಿ ಇಂಥ ಹುದ್ದೆಗೆ ಬಂದ ಮೊದಲಿಗರೂ ಅವರೇ.

1848ರ ಸಾರ್ವಜನಿಕ ಆರೋಗ್ಯ ಕಾಯ್ದೆ ನೆಲಮಾಳಿಗೆಯನ್ನು ವಾಸಕ್ಕೆ ಬಾಡಿಗೆ ಕೊಡಲು ಷರತ್ತು ಹಾಕಿತು. ಎತ್ತರ ಕನಿಷ್ಠ 7 ಅಡಿ ಇರಬೇಕು, ಅದರಲ್ಲಿ 3 ಅಡಿಯಾದರೂ ಬೀದಿಯ ಮಟ್ಟಕ್ಕಿಂತ ಮೇಲೆ ಇರಬೇಕು, ತೆರೆಯುವ ಕಿಟಕಿ ಇರಬೇಕು. ಷರತ್ತುಗಳ ಅರ್ಥ ಸ್ಪಷ್ಟ. ಸ್ವಲ್ಪವಾದರೂ ತಲೆ ಹೊರಗೆ ಇರದ ಕೋಣೆ ಮನುಷ್ಯನ ವಾಸಕ್ಕೆ ಯೋಗ್ಯವಲ್ಲ. ಇಂದಿನ ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲೂ ಅದೇ ಮಾತಿನ ಪ್ರತಿಧ್ವನಿ ಕೇಳುತ್ತದೆ. 1970ರಲ್ಲಿ ಮೊದಲು ಪ್ರಕಟವಾಗಿ 2016ರಲ್ಲಿ ಪರಿಷ್ಕೃತವಾದ ಈ ಸಂಹಿತೆಯ ಪ್ರಕಾರ ನೆಲಮಾಳಿಗೆಯ ಒಳ ಎತ್ತರ ಕನಿಷ್ಠ 2.4 ಮೀಟರ್ ಇರಬೇಕು, ಅದರ ಚಾವಣಿ ಸುತ್ತಲಿನ ನೆಲಮಟ್ಟಕ್ಕಿಂತ 0.9 ಮೀಟರಿನಿಂದ 1.2 ಮೀಟರ್ ಮೇಲೆ ಇರಬೇಕು. 0.9 ಮೀಟರ್ ಎಂದರೆ ಹೆಚ್ಚುಕಡಿಮೆ ಅದೇ ಹಳೆಯ ಮೂರು ಅಡಿ.

ಅಮೆರಿಕದ ಬೇಸ್‌ಮೆಂಟ್

ನೆಲಮಾಳಿಗೆಯನ್ನು ಸಂಸಾರದ ಕೋಣೆಯಾಗಿ ಮಾರ್ಪಡಿಸುವುದು ದೊಡ್ಡ ಪ್ರಮಾಣದಲ್ಲಿ ನಡೆದದ್ದು ಉತ್ತರ ಅಮೆರಿಕದಲ್ಲಿ. ಅಲ್ಲಿನ ಚಳಿ ಪ್ರದೇಶಗಳಲ್ಲಿ ಚಳಿಗಾಲಕ್ಕೆ ನೆಲವೇ ಹೆಪ್ಪುಗಟ್ಟಿ ಉಬ್ಬುತ್ತದೆ. ಮನೆಯ ಬುನಾದಿ ಆ ಹೆಪ್ಪಿನ ಗೆರೆಗಿಂತ ಕೆಳಗೆ ಇಳಿಯಲೇಬೇಕು. ನಾಲ್ಕೈದು ಅಡಿ ಹೇಗೂ ತೋಡಬೇಕಾದಾಗ ಇನ್ನೂ ಸ್ವಲ್ಪ ತೋಡಿದರೆ ಒಂದು ಇಡೀ ಅಂತಸ್ತು ಸಿಗುತ್ತದೆ. ಮೊದಲು ಅಲ್ಲಿ ಕಲ್ಲಿದ್ದಲಿನ ಒಲೆ, ಇದ್ದಿಲ ರಾಶಿ ಇರುತ್ತಿದ್ದವು. ಇಪ್ಪತ್ತನೆಯ ಶತಮಾನದ ನಡುಭಾಗದ ಹೊತ್ತಿಗೆ ತೈಲ, ಅನಿಲದ ಒಲೆಗಳು ಬಂದವು. ಮಸಿ ಹೋಯಿತು, ಜಾಗ ಉಳಿಯಿತು. ಅಲ್ಲಿ ಮಕ್ಕಳ ಆಟದ ಕೋಣೆ, ಟಿ.ವಿ. ಕೋಣೆ ಬಂದವು.

ಆ ದೇಶಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೂ ಬೇಸ್‌ಮೆಂಟ್ ಪರಿಚಿತ ಶಬ್ದ. ಗಣೇಶನ ಹಬ್ಬ, ಭಜನೆ, ಮಕ್ಕಳ ಕನ್ನಡ ತರಗತಿ, ನಾಟಕದ ತಾಲೀಮು ಎಷ್ಟೋ ಮನೆಗಳಲ್ಲಿ ನಡೆಯುವುದು ಕೆಳಗೇ. ಊರಿನಿಂದ ಬಂದ ತಂದೆತಾಯಿಗೆ ಅಲ್ಲೇ ಹಾಸಿಗೆ ಹಾಕುವುದೂ ಉಂಟು. ಆದರೆ ಮಲಗುವ ಕೋಣೆ ಎಂದ ಕೂಡಲೇ ಅಲ್ಲಿನ ನಿಯಮ ಬದಲಾಗುತ್ತದೆ. ಬಹಳ ರಾಜ್ಯಗಳು ಅನುಸರಿಸುವ ಮಾದರಿ ಸಂಹಿತೆ, ಮೆಟ್ಟಿಲಲ್ಲದೆ ನೇರವಾಗಿ ಹೊರಬೀಳುವ ಇನ್ನೊಂದು ದಾರಿ ಬೇಕೆನ್ನುತ್ತದೆ. ಅದು ಕಿಟಕಿಯಾದರೆ ತೆರೆದಾಗ 5.7 ಚದರ ಅಡಿ ಜಾಗ ಬಿಡಬೇಕು, ಅದರ ಹೊಸ್ತಿಲು ಕೋಣೆಯ ನೆಲದಿಂದ 44 ಅಂಗುಲಕ್ಕಿಂತ ಎತ್ತರ ಇರಬಾರದು. ಮಲಗಿದ್ದವರು ಎದ್ದು ಅದರಿಂದ ಹತ್ತಿ ಹೊರಬರಬೇಕು, ಅಗ್ನಿಶಾಮಕನೊಬ್ಬ ಅದರಿಂದ ಒಳಗೆ ಬರಬೇಕು. ಅಳತೆಯ ಹಿಂದಿನ ತರ್ಕ ಇಷ್ಟೇ.

ಅಮೆರಿಕನ್ನರು ನೆಲದ ಗಾಳಿಯ ಇನ್ನೊಂದು ಪಾಠವನ್ನು ಆಕಸ್ಮಿಕವಾಗಿ ಕಲಿತರು. 1984ರ ಡಿಸೆಂಬರಿನಲ್ಲಿ ಪೆನ್ಸಿಲ್ವೇನಿಯಾದ ಅಣುಸ್ಥಾವರವೊಂದರ ಎಂಜಿನಿಯರ್ ಸ್ಥಾವರದ ಒಳಗೆ ಹೋಗುವಾಗಲೇ ವಿಕಿರಣದ ಗಂಟೆ ಬಾರಿಸಿತು. ವಿಕಿರಣ ಸ್ಥಾವರದ್ದಾಗಿರಲಿಲ್ಲ, ಅವರ ಸ್ವಂತ ಮನೆಯದು. ಬಂಡೆಯಲ್ಲಿರುವ ಯುರೇನಿಯಂ ಕ್ಷಯಿಸಿ ಹುಟ್ಟುವ ರೇಡಾನ್ ಅನಿಲ ನೆಲದ ಬಿರುಕಿನಿಂದ ಮನೆಗೆ ತುಂಬಿಕೊಂಡಿತ್ತು. ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುವ ಈ ಅನಿಲಕ್ಕೂ ಬಣ್ಣ ವಾಸನೆ ಇಲ್ಲ. ಆನಂತರ ಅಲ್ಲಿ ಬೇಸ್‌ಮೆಂಟಿನ ರೇಡಾನ್ ಅಳೆಯುವುದು, ನೆಲದಡಿಯಿಂದ ಕೊಳವೆ ಹಾಕಿ ಅದನ್ನು ಮಾಳಿಗೆಯ ಮೇಲಕ್ಕೆ ಹೊರದಬ್ಬುವುದು ರೂಢಿಗೆ ಬಂತು. ಗಾಳಿಗೋಪುರದ ಕೊಳವೆ ಗಾಳಿಯನ್ನು ಕೆಳಗೆ ತಂದಿತ್ತು, ಈ ಕೊಳವೆ ನೆಲದ ಉಸಿರನ್ನು ಮೇಲೆ ಒಯ್ಯುತ್ತದೆ.

ನೀರು ಕೇಳುವುದಿಲ್ಲ

ಗಾಳಿಯ ಪಾಠ ಕಲಿತ ದೇಶವೂ ನೀರಿನ ಪಾಠದಲ್ಲಿ ಸೋತಿತು. 2021ರ ಸೆಪ್ಟೆಂಬರ್ 1ರ ರಾತ್ರಿ ಐಡಾ ಚಂಡಮಾರುತದ ಮಳೆ ನ್ಯೂಯಾರ್ಕ್ ನಗರವನ್ನು ಮುಳುಗಿಸಿದಾಗ ಬೇಸ್‌ಮೆಂಟ್ ಬಾಡಿಗೆ ಮನೆಗಳಲ್ಲೇ 11 ಮಂದಿ ಸತ್ತರು. ಹೆಚ್ಚಿನವು ಅಧಿಕೃತ ಪರವಾನಗಿ ಇಲ್ಲದ ವಾಸದ ಮನೆಗಳು. ವಲಸೆ ಬಂದು ದುಡಿಯುವ ಕುಟುಂಬಗಳು ಅಲ್ಲಿದ್ದವು.

2024ರ ಜುಲೈ 27ರಂದು ದೆಹಲಿಯ ಓಲ್ಡ್ ರಾಜಿಂದರ್ ನಗರದಲ್ಲಿ ತರಬೇತಿ ಕೇಂದ್ರವೊಂದರ ನೆಲಮಾಳಿಗೆಗೆ ಬೀದಿಯ ಮಳೆನೀರು ನುಗ್ಗಿ, ಐ.ಎ.ಎಸ್. ಕನಸಿನಿಂದ ಬಂದಿದ್ದ ಮೂವರು ವಿದ್ಯಾರ್ಥಿಗಳು ಮುಳುಗಿ ಸತ್ತರು. ವಾಹನ ನಿಲುಗಡೆ, ದಾಸ್ತಾನಿಗೆಂದು ಅನುಮತಿ ಪಡೆದ ಜಾಗದಲ್ಲಿ ಗ್ರಂಥಾಲಯ ನಡೆಯುತ್ತಿತ್ತು. ಬೆಂಗಳೂರಿನಲ್ಲಿ 2022ರ ಸೆಪ್ಟೆಂಬರ್ ಮಳೆಗೆ ಹೊರವಲಯದ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಗಳು ಕೆರೆಗಳಾದವು. 2025ರ ಮೇ ತಿಂಗಳಲ್ಲಿ ಅದೇ ನಗರದಲ್ಲಿ ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ನುಗ್ಗಿದ ನೀರನ್ನು ಪಂಪಿನಿಂದ ಹೊರಹಾಕಲು ಹೋದಾಗ ವಿದ್ಯುತ್ ತಗುಲಿ ಒಬ್ಬ ಹಿರಿಯರು, ಒಬ್ಬ ಬಾಲಕ ತೀರಿಕೊಂಡರು.

ನ್ಯೂಯಾರ್ಕ್, ದೆಹಲಿಯ ಘಟನೆಗಳಲ್ಲಿ ಒಂದು ಸಮಾನ ಅಂಶವಿದೆ. ದಾಸ್ತಾನಿನ ಜಾಗ ಮನುಷ್ಯರ ಜಾಗವಾಗಿ ಬದಲಾದದ್ದು ಕಾಗದದ ಮೇಲೂ ಅಲ್ಲ, ಕಟ್ಟಡದಲ್ಲೂ ಅಲ್ಲ. ಬಳಕೆಯಲ್ಲಿ ಮಾತ್ರ. ಕುರ್ಚಿ ಮೇಜು ಬಂದವು, ಎರಡನೆಯ ಬಾಗಿಲು ಬರಲಿಲ್ಲ. ಹಗೇವು ತೋಡುವ ಮೊದಲು ನೀರು ನಿಲ್ಲದ ದಿನ್ನೆ ಹುಡುಕುತ್ತಿದ್ದ ಒಕ್ಕಲಿಗ ಜೋಳಕ್ಕೆ ಕೊಟ್ಟ ಮರ್ಯಾದೆಯನ್ನು ಇವರು ಮನುಷ್ಯರಿಗೆ ಕೊಡಲಿಲ್ಲ.

ಕಲಬುರಗಿಯ ಮನೆಗೆ

ಹಗೇವು ಮರೆಯಾದದ್ದು ಒಂದೇ ದಿನದಲ್ಲಿ ಅಲ್ಲ. 1964ರಲ್ಲಿ ಸಿ.ಎಸ್.ಎಚ್.-1 ಹೈಬ್ರಿಡ್ ಜೋಳ ಬಂತು. 1965ರಲ್ಲಿ ಭಾರತ ಆಹಾರ ನಿಗಮ ಸ್ಥಾಪನೆಯಾಗಿ ಸರ್ಕಾರಿ ಗೋದಾಮು, ನ್ಯಾಯಬೆಲೆ ಅಂಗಡಿಗಳು ಊರೂರಿಗೆ ಹಬ್ಬಿದವು. ಹೊಲದಲ್ಲಿ ಜೋಳದ ಜಾಗವನ್ನು ತೊಗರಿ ಆಕ್ರಮಿಸಿತು. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿಯ ತೊಗರಿ ಕಣದಿಂದ ನೇರ ಮಾರುಕಟ್ಟೆಗೆ ಹೋಗುವ ಬೆಳೆ, ನೆಲದಲ್ಲಿ ಹೂಳುವ ಬೆಳೆಯಲ್ಲ. ಹಗೇವುಗಳು ಮಣ್ಣು ತುಂಬಿಕೊಂಡು ಅಂಗಳದಲ್ಲಿ ಕರಗಿದವು. ಅವುಗಳೊಂದಿಗೆ ಕಂದೀಲು ಇಳಿಬಿಡುವ ಅಭ್ಯಾಸವೂ ಕರಗಿತು.

ಈಗ ಮನೆಯ ಕೆಳಗೆ ಕೋಣೆ ಬೇಕೆನ್ನುವವರು ಆ ಅಭ್ಯಾಸದ ಅರ್ಥವನ್ನು ಹೊಸದಾಗಿ ಕಲಿಯಬೇಕಾಗಿದೆ. ಸ್ಥಳೀಯ ಸಂಸ್ಥೆಯ ಅನುಮತಿ ಯಾವ ಬಳಕೆಗೆ ಎಂಬುದು ಮೊದಲ ಪ್ರಶ್ನೆ. ರಾಷ್ಟ್ರೀಯ ಸಂಹಿತೆ ನೆಲಮಾಳಿಗೆಯನ್ನು ಮುಖ್ಯವಾಗಿ ದಾಸ್ತಾನು, ವಾಹನ ನಿಲುಗಡೆ, ಯಂತ್ರೋಪಕರಣಗಳಂಥ ಬಳಕೆಗೆ ಮೀಸಲಿಡುತ್ತದೆ. ಮಲಗುವ ಕೋಣೆಯನ್ನು ಅದು ಉದ್ದೇಶಿಸಿಲ್ಲ. ಎರಡನೆಯದು ಪಸೆ. ಇದಕ್ಕೊಂದು ಸುಲಭ ಪರೀಕ್ಷೆ ಇದೆ. ಒಂದು ಮಾರುದ್ದದ ಪ್ಲಾಸ್ಟಿಕ್ ಹಾಳೆಯನ್ನು ಬರಿ ನೆಲಕ್ಕೆ ನಾಲ್ಕೂ ಕಡೆ ಟೇಪು ಹಚ್ಚಿ ಅಂಟಿಸಿ ಒಂದೆರಡು ದಿನ ಬಿಡಬೇಕು. ಹಾಳೆಯ ಕೆಳಗೆ ನೀರು ಕಟ್ಟಿದರೆ ಪಸೆ ನೆಲದಿಂದ ಬರುತ್ತಿದೆ, ಮೇಲೆ ಕಟ್ಟಿದರೆ ಕೋಣೆಯ ಗಾಳಿಯಿಂದ. ನೆಲದಿಂದ ಬರುವ ಪಸೆಗೆ ಹೊರಗಿನಿಂದ ತಡೆ ಹಾಕಬೇಕು. ಒಳಗೆ ಬಣ್ಣ ಬಳಿದರೆ ಅದು ಉಪ್ಪು ಹತ್ತಿ ಸಿಪ್ಪೆಯಾಗಿ ಉದುರುತ್ತದೆ. ಎರೆ ಮಣ್ಣಿನ ಜಾಗವಾದರೆ ಗೋಡೆಯ ಒತ್ತಡವನ್ನು ತಿಳಿದ ಎಂಜಿನಿಯರನ ಲೆಕ್ಕ ಬೇಕೇ ಬೇಕು.

ಮೂರನೆಯದು ಗಾಳಿ. ಎದುರುಬದುರಾಗಿ ಎರಡು ಕಿಂಡಿಗಳಿದ್ದರೆ ಮಾತ್ರ ಗಾಳಿ ಹರಿಯುತ್ತದೆ, ಒಂದೇ ಕಿಂಡಿಯಲ್ಲಿ ಅದು ನಿಲ್ಲುತ್ತದೆ. ಅಡುಗೆ ಅನಿಲದ ಸಿಲಿಂಡರನ್ನು ಕೆಳಗಿನ ಕೋಣೆಯಲ್ಲಿ ಇಡಲೇಬಾರದು. ಅಡುಗೆ ಅನಿಲವೂ ಹಗೇವಿನ ಅನಿಲದಂತೆ ಗಾಳಿಗಿಂತ ಭಾರ. ಸೋರಿದರೆ ತಳದಲ್ಲಿ ಕೂತು ಒಂದು ಕಿಡಿಗೆ ಕಾಯುತ್ತದೆ. ವಿದ್ಯುತ್ ಹೋದಾಗ ಹಚ್ಚುವ ಜನರೇಟರನ್ನು ಒಳಗೆ ಇಟ್ಟರೆ ಅದರ ಹೊಗೆಯ ಇಂಗಾಲದ ಮಾನಾಕ್ಸೈಡ್ ಕೆಲವೇ ನಿಮಿಷಗಳಲ್ಲಿ ಕೊಲ್ಲಬಲ್ಲದು. ನಾಲ್ಕನೆಯದು ನೀರು ಮತ್ತು ದಾರಿ. ಇಳಿಯುವ ಮೆಟ್ಟಿಲಿನ ಹೊಸ್ತಿಲು ಬೀದಿಗಿಂತ ಎತ್ತರ ಇರಬೇಕು. ವಿದ್ಯುತ್ ಸ್ವಿಚ್ಚುಗಳ ಮುಖ್ಯ ಫಲಕ ಮೇಲಿನ ಅಂತಸ್ತಿನಲ್ಲಿರಬೇಕು. ಮೆಟ್ಟಿಲಿನಿಂದ ದೂರದಲ್ಲಿ, ಮಗುವೂ ತೆರೆದು ಹತ್ತಬಲ್ಲ ಇನ್ನೊಂದು ದಾರಿ ಇರಬೇಕು.

ಇವೆಲ್ಲ ಇದ್ದರೆ ನೆಲದ ಕೆಳಗಿನ ಕೋಣೆ ಬೇಸಿಗೆಯ ಮಧ್ಯಾಹ್ನಕ್ಕೆ ಸೊಗಸಾದ ಜಾಗ. ಮಕ್ಕಳು ಆಡಬಹುದು, ಹಾಡಿನ ತಾಲೀಮು ನಡೆಸಬಹುದು, ಪುಸ್ತಕ ಓದಬಹುದು. ಇವು ಇಲ್ಲದಿದ್ದರೆ ಅಲ್ಲಿ ಸಾಮಾನು ಇಟ್ಟು ಬಾಗಿಲು ಮುಚ್ಚುವುದೇ ಜಾಣತನ. ಮಹಾಗಾಂವ ಸೀಮೆಯ ಹಿರಿಯರು ಕೋಟ್ಯಂತರ ರೂಪಾಯಿಯ ಕಟ್ಟಡ ಕಟ್ಟಿದವರಲ್ಲ, ಸಂಹಿತೆ ಓದಿದವರೂ ಅಲ್ಲ. ನೆಲದ ಕೆಳಗೆ ಮೊದಲು ದೀಪ ಇಳಿಯಬೇಕು, ಮನುಷ್ಯ ಆಮೇಲೆ ಎಂಬುದು ಮಾತ್ರ ಅವರಿಗೆ ಗೊತ್ತಿತ್ತು.